ಮರಗಟ್ಟಿಸುವ ಮುಲಾಮು, ಮೂರನೇ ದಿನದ ತುರಿಕೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಚರ್ಮದ ಪ್ರಶ್ನೆಗಳೇ ಹೆಚ್ಚು. ನೋವು, ಉರಿ, ತುರಿಕೆ ತಗ್ಗಿಸಲು ಚರ್ಮಕ್ಕೆ ಹಚ್ಚುವ ಮರಗಟ್ಟಿಸುವ ಔಷಧಗಳ ಸುತ್ತ ಸುಳಿಯುವ ಪತ್ರಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಚರ್ಮರೋಗ ಮತ್ತು ಅರಿವಳಿಕೆ ತಜ್ಞರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗ ಮೂಲವ್ಯಾಧಿ ಐತಿ. ಮೆಡಿಕಲ್‌ನಾಗ ಕೊಟ್ಟ ಮುಲಾಮು ಹಚ್ಚಿದ ಕೂಡ್ಲೆ ತಂಪ ಅನಸ್ತೈತಿ. ಎರಡ ದಿನಕ್ಕ ತಿಂಡಿ ಹೆಚ್ಚಾಗಿ ನೀರ ಒಸರತೈತಿ. ಮತ್ತ ಹಚ್ಚಿದ್ರ ಮತ್ತ ತಂಪ. ಹಿಂಗ ಎರಡ ತಿಂಗಳಾತು, ಕೆಂಪ ಈಗ ತೊಡಿತನಕಾ ಬಂದೈತಿ. ರೋಗ ಬಲತೈತೋ, ಮುಲಾಮು ಸಾಲವಲ್ದೋ?
– ಓದುಗರು, ಜಮಖಂಡಿ

ಉತ್ತರ: ಎರಡೂ ಅಲ್ಲ ಎನಿಸುತ್ತದೆ. ನೀವು ಬರೆದ ಕ್ರಮವನ್ನೇ ನೋಡಿ. ಹಚ್ಚಿದಾಗ ತಂಪು, ಎರಡು ದಿನಕ್ಕೆ ತುರಿಕೆ, ಮತ್ತೆ ಹಚ್ಚಿದಾಗ ತಂಪು, ಪ್ರತಿ ಸುತ್ತಿಗೂ ಕೆಂಪು ಇನ್ನಷ್ಟು ಅಗಲ. ಮೂಲವ್ಯಾಧಿ ಹೀಗೆ ತೊಡೆಗೆ ಹರಡುವುದಿಲ್ಲ. ಮುಲಾಮಿನಲ್ಲಿರುವ ಯಾವುದೋ ವಸ್ತು ನಿಮ್ಮ ಚರ್ಮಕ್ಕೆ ಒಗ್ಗುತ್ತಿಲ್ಲ. ಮೊದಲ ಅನುಮಾನ ಅದರೊಳಗಿನ ಮರಗಟ್ಟಿಸುವ ಔಷಧದ ಮೇಲೆ. ಇದಕ್ಕೆ ಸ್ಪರ್ಶ ಅಲರ್ಜಿ ಎನ್ನುತ್ತಾರೆ.

ಮರಗಟ್ಟಿಸುವುದು ನಿಮಿಷಗಳ ಕೆಲಸ, ಅಲರ್ಜಿ ಏಳುವುದು ದಿನಗಳ ಕೆಲಸ. ಜನ ಮೋಸ ಹೋಗುವುದು ಇಲ್ಲಿಯೇ. ಔಷಧ ನರದ ತುದಿಯಲ್ಲಿ ಸೋಡಿಯಂ ಒಳಹೋಗುವ ದಾರಿ ಮುಚ್ಚುತ್ತದೆ, ನೋವು ತುರಿಕೆಯ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಅದೇ ಹೊತ್ತಿಗೆ ಔಷಧದ ಕಣಗಳು ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಚರ್ಮದ ಕಾವಲು ಕೋಶಗಳು ಅದನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ-ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳಿಗೆ ಗುರುತು ಹಿಡಿಸುತ್ತವೆ. ಮೊದಲ ಸಲ ಈ ಗುರುತು ಮೂಡಲು 10ರಿಂದ 14 ದಿನವಾದರೂ ಬೇಕು. ವರ್ಷಗಟ್ಟಲೆ ಹಚ್ಚಿದರೂ ಏನೂ ಆಗದೆ, ಆಮೇಲೊಂದು ದಿನ ಮೂಡುವುದೂ ಉಂಟು. ‘ಇಷ್ಟು ವರ್ಷ ಇದನ್ನೇ ಹಚ್ಚಿದೀನಿ, ಏನೂ ಆಗಿಲ್ಲ’ ಎಂಬ ಮಾತಿನಿಂದ ಅಲರ್ಜಿ ಇಲ್ಲವೆಂದು ಹೇಳಲು ಬರುವುದಿಲ್ಲ. ಗುರುತು ಮೂಡಿದ ಮೇಲೆ ಪ್ರತಿ ಸಲ ಹಚ್ಚಿದಾಗಲೂ 24ರಿಂದ 72 ಗಂಟೆಯೊಳಗೆ ಆ ಜಾಗ ಕೆಂಪಾಗಿ, ಸಣ್ಣ ನೀರುಗುಳ್ಳೆ ಎದ್ದು, ಒಸರುತ್ತದೆ.

ಗುದದ ಸುತ್ತಲಿನ ಚರ್ಮ ತೆಳು, ಸದಾ ತೇವ. ಎರಡು ಮಡಿಕೆ ಒತ್ತಿ ಮುಚ್ಚಿಕೊಂಡಿರುವುದರಿಂದ ಅಲ್ಲಿ ಹಚ್ಚಿದ್ದು ಪಟ್ಟಿ ಕಟ್ಟಿದಂತೆ ಒಳಗಿಳಿಯುತ್ತದೆ. ಕೆರೆದು ಸಿಪ್ಪೆ ಎದ್ದ ಚರ್ಮವಾದರಂತೂ ತಡೆಯೇ ಇಲ್ಲ. ಮೇಲಾಗಿ ಇಂಥ ಮುಲಾಮುಗಳಲ್ಲಿ ಅನೇಕಕ್ಕೆ ಸ್ಟಿರಾಯ್ಡ್ ಕೂಡಿಸಿರುತ್ತಾರೆ. ಅದು ಅಲರ್ಜಿಯ ಕೆಂಪನ್ನು ಕೆಲವು ದಿನ ಅದುಮಿ ಹಿಡಿಯುತ್ತದೆ. ನಿಲ್ಲಿಸಿದರೆ ತುರಿಕೆ ಉಕ್ಕುತ್ತದೆ, ‘ಮುಲಾಮು ಬಿಟ್ಟದ್ದಕ್ಕೇ ಹೆಚ್ಚಾಯಿತು’ ಎಂದು ಮತ್ತೆ ಹಚ್ಚುತ್ತೀರಿ.

ಈಗ ಆ ಟ್ಯೂಬನ್ನು ಕೈಗೆತ್ತಿಕೊಳ್ಳಿ. ಹೆಸರಿನ ಕಡೆ ಬೇಡ, ಹಿಂಬದಿ ನೋಡಿ. ಮಡಚಿದ ತುದಿಯ ಬಳಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಒಳವಸ್ತುಗಳ ಪಟ್ಟಿ ಇರುತ್ತದೆ. ತುದಿಯಿಂದ ಸುರುಳಿ ಸುತ್ತಿ ಒತ್ತುವ ರೂಢಿಯಿದ್ದರೆ ಮೊದಲು ಮುಚ್ಚಿಹೋಗುವುದು ಆ ಸಾಲುಗಳೇ. ಸುರುಳಿ ಬಿಚ್ಚಿ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ‘ಕೇನ್’ ಎಂದು ಮುಗಿಯುವ ಹೆಸರು ಹುಡುಕಿ. ಮೂಲವ್ಯಾಧಿ ಮುಲಾಮಿನಲ್ಲಿ ಸಾಮಾನ್ಯವಾಗಿ ಸಿಂಕೋಕೇನ್ ಅಥವಾ ಲಿಗ್ನೋಕೇನ್ ಇರುತ್ತದೆ. ಸಿಂಕೋಕೇನಿಗೇ ಡೈಬುಕೇನ್ ಎಂದೂ, ಲಿಗ್ನೋಕೇನಿಗೇ ಲಿಡೋಕೇನ್ ಎಂದೂ ಹೆಸರು. ಎರಡರಲ್ಲಿ ಚರ್ಮದ ಅಲರ್ಜಿ ತರುವುದು ಸಿಂಕೋಕೇನ್ ಹೆಚ್ಚು. ಪಕ್ಕದಲ್ಲಿ ಫ್ರಾಮೈಸೆಟಿನ್ ಅಥವಾ ನಿಯೋಮೈಸಿನ್ ಇದೆಯೇ ಎಂಬುದನ್ನೂ ನೋಡಿ. ಈ ಆಂಟಿಬಯೋಟಿಕ್‌ಗಳೂ ಸ್ಪರ್ಶ ಅಲರ್ಜಿಗೆ ಹೆಸರಾದವು, ಒಂದಕ್ಕೆ ಮುನಿದ ಚರ್ಮ ಸಾಮಾನ್ಯವಾಗಿ ಇನ್ನೊಂದಕ್ಕೂ ಮುನಿಯುತ್ತದೆ. ಒಂದೇ ಟ್ಯೂಬಿನಲ್ಲಿ ನಾಲ್ಕು ಔಷಧ ಇರುವ ಮುಲಾಮನ್ನು ನಾವು ಇಷ್ಟಪಡದಿರುವುದಕ್ಕೆ ಇದೇ ಕಾರಣ. ತಪ್ಪು ಯಾವುದರದು ಎಂದು ಬಿಡಿಸಿ ಹೇಳಲು ಆಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಆ ಮುಲಾಮನ್ನು ಇಂದೇ ನಿಲ್ಲಿಸಿ, ಆದರೆ ಟ್ಯೂಬನ್ನೂ ಪೆಟ್ಟಿಗೆಯನ್ನೂ ಎಸೆಯಬೇಡಿ, ಮುಂದೆ ಹೇಳಿರುವ ಪ್ಯಾಚ್ ಟೆಸ್ಟ್ ಪರೀಕ್ಷೆಗೆ ಬೇಕಾಗುತ್ತವೆ. ಬದಲಿಗೆ ಇನ್ನೊಂದು ಕಂಪನಿಯ ಮುಲಾಮು ತರಬೇಡಿ, ಹೆಸರು ಬೇರೆಯಾದರೂ ಒಳಗಿನದು ಅದೇ ಇರಬಹುದು. ಬರೀ ನೀರಿನಿಂದ ತೊಳೆಯಿರಿ, ಸಾಬೂನು ಮತ್ತು ಜಂತುನಾಶಕ ದ್ರವ ಮುಟ್ಟಿಸಬೇಡಿ. ಅಗಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಎರಡು ಮೂರು ಸಲ 10ರಿಂದ 15 ನಿಮಿಷ ಕುಳಿತುಕೊಳ್ಳಿ. ಉಪ್ಪು, ಪಟಿಕ, ಅರಿಶಿನ ಏನೂ ಬೇಡ. ಹಳೆಯ ಧೋತರದ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ವಾಸನೆ, ಬಣ್ಣ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಹಚ್ಚಿ. ಒಸರುವುದು ಜೋರಿದ್ದರೆ ವೈದ್ಯರು ಸ್ಟಿರಾಯ್ಡ್ ಮಾತ್ರ ಇರುವ, ಜೆಲ್ಲಿಯಂಥ ಜಿಡ್ಡಿನ ಮುಲಾಮನ್ನು ಕೆಲವು ದಿನಕ್ಕೆ ಬರೆದುಕೊಡುತ್ತಾರೆ. ನೀರು ಬೆರೆತ ಕ್ರೀಮಿಗೆ ಕೆಡದಂತೆ ರಾಸಾಯನಿಕ ಕೂಡಿಸಿರುತ್ತಾರೆ, ಇಂಥ ಹೊತ್ತಿನಲ್ಲಿ ಅದೂ ಬೇಡ. ಅಲರ್ಜಿ ಗುಳಿಗೆಯಿಂದ ರಾತ್ರಿ ನಿದ್ದೆ ಬಂದೀತು, ಆದರೆ ಈ ಅಲರ್ಜಿಯಲ್ಲಿ ಆ ಗುಳಿಗೆ ತಡೆಯುವ ಹಿಸ್ಟಮೀನಿನ ಪಾತ್ರ ಮುಖ್ಯವಲ್ಲದ್ದರಿಂದ ರೋಗ ಇಳಿಯುವುದಿಲ್ಲ.

ಮೂಲವ್ಯಾಧಿಗೆ ಬೇಕಾದದ್ದು ಮಲ ಮೆತ್ತಗಾಗುವುದು. ರೊಟ್ಟಿ ಜೊತೆ ಸೊಪ್ಪಿನ ಪಲ್ಯ, ಹೆಸರುಕಾಳು, ಸಾಕಷ್ಟು ನೀರು, ಬೇಕಾದರೆ ರಾತ್ರಿ ದೊಡ್ಡ ಲೋಟ ನೀರಿನಲ್ಲಿ ಒಂದೆರಡು ಚಮಚ ಇಸಬಗೋಲು. ರಕ್ತ ಬೀಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮುಲಾಮಿನ ಮಾತು ಬಿಟ್ಟು ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಪ್ರಶ್ನೆ: ನಮ್ಮ ತಾಯಿಯವರಿಗೆ ಕಿವಿಯಲ್ಲಿ ಮೇಣ ಕಟ್ಟಿದೆ ಎಂದು ಹನಿ ಹಾಕುತ್ತಿದ್ದೇವೆ. ವಾರದಿಂದ ಕಿವಿಯ ಹೊರಭಾಗ, ಕಿವಿಯ ಕೆಳಗೆ ಕುತ್ತಿಗೆತನಕ ಗುಳ್ಳೆ ಎದ್ದು ತುರಿಸುತ್ತಿದೆ. ಸೋಂಕು ಇರಬಹುದೇ?
– ಓದುಗರು, ಮುಧೋಳ

ಉತ್ತರ: ಗುಳ್ಳೆಗಳ ಸಾಲು ಹನಿ ಹರಿದ ದಾರಿಯಲ್ಲೇ ಕೆಳಗಿಳಿದಿದ್ದರೆ ಸೋಂಕಿಗಿಂತ ಅಲರ್ಜಿಯ ಸಾಧ್ಯತೆ ಹೆಚ್ಚು. ಮೇಣ ಕರಗಿಸುವ ಅನೇಕ ಹನಿಗಳಲ್ಲಿ ಬೆಂಜೋಕೇನ್ ಇರುತ್ತದೆ, ಜೊತೆಗೆ ಟರ್ಪೆಂಟೈನ್ ಎಣ್ಣೆ ಇರುತ್ತದೆ. ಎರಡೂ ಅಲರ್ಜಿ ತರುತ್ತವೆ. ಬೂಷ್ಟಿನ ಸೋಂಕಿಗೆ ಕೊಡುವ ಕ್ಲೋಟ್ರಿಮಾಜೋಲ್ ಹನಿಯ ಜೊತೆ ಲಿಗ್ನೋಕೇನ್ ಇರುವುದುಂಟು. ಹನಿ ನಿಲ್ಲಿಸಿ, ಸೀಸೆ ತೆಗೆದುಕೊಂಡು ಕಿವಿ ವೈದ್ಯರ ಬಳಿ ಹೋಗಿ. ಕಿವಿಪೊರೆ ನೋಡದೆ ಎಣ್ಣೆ ಕಾಯಿಸಿ ಬಿಡಬೇಡಿ. ಜ್ವರ, ಕಿವಿ ಎಳೆದರೆ ವಿಪರೀತ ನೋವು, ಕೀವು ಇದ್ದರೆ ಸೋಂಕನ್ನೂ ನೋಡಬೇಕು. ತಾಯಿಯವರು ಹೊಲಕ್ಕೆ ಹೋಗುವವರಾದರೆ ಇನ್ನೊಂದನ್ನು ಹೇಳಬೇಕು. ಕಾಂಗ್ರೆಸ್ ಕಸದ ಅಲರ್ಜಿಯೂ ಕುತ್ತಿಗೆಗೆ ಬರುತ್ತದೆ, ಆದರೆ ಅದು ಮುಖ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆ ಹೀಗೆ ಗಾಳಿಗೆ ತೆರೆದ ಜಾಗಗಳಲ್ಲಿ ಎರಡೂ ಬದಿಗೆ ಕಾಣುತ್ತದೆ, ಒಂದೇ ಕಿವಿಯ ಕೆಳಗೆ ಅಲ್ಲ.

ಪ್ರಶ್ನೆ: ನಾನು ನೇಕಾರ. ಕೂದಲಿಗೆ ಕಪ್ಪು ಬಣ್ಣ ಹಚ್ಚಿದರೆ ಹಣೆ, ಕಿವಿ ಊದುತ್ತವೆ. ಮೊನ್ನೆ ಬಾಯಿಹುಣ್ಣಿಗೆ ಜೆಲ್ ಹಚ್ಚಿದೆ, ತುಟಿಯ ಸುತ್ತ ಅದೇ ರೀತಿ ಆಯಿತು. ಎರಡಕ್ಕೂ ಸಂಬಂಧ ಇದೆಯೇ?
– ಓದುಗರು, ಇಳಕಲ್ಲ

ಉತ್ತರ: ಇರಬಹುದು. ಇದನ್ನು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು. ಕಪ್ಪು ಬಣ್ಣಗಳಲ್ಲಿ, ‘ಕಪ್ಪು ಮೆಹೆಂದಿ’ ಎಂದು ಮಾರುವ ಪುಡಿಯಲ್ಲೂ, ಪ್ಯಾರಾ-ಫಿನೈಲಿನ್‌ಡೈಅಮೀನ್ ಎಂಬ ವಸ್ತು ಇರುತ್ತದೆ. ಬಾಯಿಹುಣ್ಣಿನ ಕೆಲವು ಜೆಲ್‌ಗಳಲ್ಲಿ ಬೆಂಜೋಕೇನ್ ಇರುತ್ತದೆ. ಎರಡರ ರಚನೆಯಲ್ಲೂ ಆರು ಮೂಲೆಯ ಉಂಗುರಕ್ಕೆ ಅಮೀನು ಗುಂಪೊಂದು ಅಂಟಿಕೊಂಡಿದೆ, ಅದರ ಎದುರು ಮೂಲೆಯಲ್ಲಿ ಇನ್ನೊಂದು ಗುಂಪು. ಒಂದನ್ನು ಗುರುತು ಹಿಡಿದ ಟಿ-ಕೋಶ ಇನ್ನೊಂದನ್ನು ಅದೇ ಎಂದು ತಿಳಿಯುತ್ತದೆ. ಎಲ್ಲರಲ್ಲೂ ಹೀಗಾಗುವುದಿಲ್ಲ, ನಿಮ್ಮಲ್ಲಿ ಆಗಿದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಮರಗಟ್ಟಿಸುವ ಔಷಧಗಳಲ್ಲಿ ಎರಡು ಮನೆತನ: ಎಸ್ಟರ್ ಮತ್ತು ಅಮೈಡ್. ಕನ್ನಡದಲ್ಲಿ ಹೆಸರು ಬರೆದು ನೋಡಿದರೆ ಗುರುತಿಸುವುದು ಸುಲಭ. ‘ಕೇನ್’ಗಿಂತ ಮೊದಲು ಗುಡಿಸು ಇರುವ ಅಕ್ಷರ ಬಂದರೆ ಅಮೈಡ್: ಲಿಗ್ನೋಕೇನ್, ಪ್ರಿಲೋಕೇನ್, ಬುಪಿವಕೇನ್, ಆರ್ಟಿಕೇನ್, ಸಿಂಕೋಕೇನ್. ಗುಡಿಸು ಇಲ್ಲದಿದ್ದರೆ ಎಸ್ಟರ್: ಬೆಂಜೋಕೇನ್, ಪ್ರೊಕೇನ್, ಟೆಟ್ರಾಕೇನ್. ಸಿಂಕೋಕೇನಿನ ಇನ್ನೊಂದು ಹೆಸರಾದ ಡೈಬುಕೇನ್ ಮಾತ್ರ ಈ ಲೆಕ್ಕ ತಪ್ಪಿಸುತ್ತದೆ. ಕೂದಲ ಬಣ್ಣದ ಜೊತೆ ನಂಟು ಇರುವುದು ಎಸ್ಟರ್ ಮನೆತನಕ್ಕೆ, ಅಮೈಡ್‌ಗಳಿಗೆ ಅಲ್ಲ.

ಬೆಂಜೋಕೇನ್ ಗಂಟಲಿನ ಚಪ್ಪರಿಸುವ ಗುಳಿಗೆಯಲ್ಲಿ ಇರಬಹುದು, ‘ಹೆಚ್ಚು ಹೊತ್ತು’ ಎಂದು ಬರೆದ ಕೆಲವು ಕಾಂಡೋಮುಗಳಲ್ಲೂ ಇರುತ್ತದೆ. ಸಂಕೋಚದಿಂದ ಯಾರೂ ಹೇಳದೆ ಉಳಿಯುವ ಕಾರಣಗಳಲ್ಲಿ ಇದು ಒಂದು. ಗಂಡ ಹೆಂಡತಿ ಇಬ್ಬರಲ್ಲಿ ಯಾರಿಗಾದರೂ ಆ ಭಾಗದಲ್ಲಿ ತುರಿಕೆ ಇದ್ದರೆ ವೈದ್ಯರಿಗೆ ಪೊಟ್ಟಣ ತೋರಿಸಿ. ಕೂದಲ ಬಣ್ಣವನ್ನಂತೂ ಇನ್ನು ಮುಟ್ಟಬೇಡಿ.

ಪ್ರಶ್ನೆ: ಪ್ಯಾಚ್ ಟೆಸ್ಟ್ ಮಾಡಿಸಿಕೊಳ್ರಿ ಅಂತ ಡಾಕ್ಟರ್ ಬರದ ಕೊಟ್ಟಾರ. ಮೂರ ಸಲ ಬರ್ಬೇಕು ಅಂತಾರ. ಕೂಲಿ ಬಿಟ್ಟ ಮೂರ ಸಲ ಹೋಗೂದು ತ್ರಾಸ ಅದ. ಒಂದ ಸಲಕ್ಕ ರಕ್ತದಾಗ ನೋಡಿ ಹೇಳಾಕ ಬರೂದಿಲ್ಲೇನ್ರಿ?
– ಓದುಗರು, ಸಿಂದಗಿ

ಉತ್ತರ: ನಿಮ್ಮ ತ್ರಾಸ ನಮಗೆ ಅರ್ಥವಾಗುತ್ತದೆ. ಆದರೆ ರಕ್ತದಲ್ಲಿ ನೋಡುವ ಅಲರ್ಜಿ ಪರೀಕ್ಷೆ ತಕ್ಷಣದ ಅಲರ್ಜಿ ತರುವ ಐಜಿಇ ಎಂಬ ಪ್ರತಿಕಾಯದ್ದು. ಸ್ಪರ್ಶ ಅಲರ್ಜಿ ಟಿ-ಕೋಶದ್ದು. ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ‘ಅಲರ್ಜಿ ಪ್ರೊಫೈಲ್’ ಮಾಡಿಸಿದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಹಣ ಉಳಿಸಿ. ಜರ್ಮನಿಯ ಯೋಸೆಫ್ ಯಾಡಸೋನ್ 1895ರಲ್ಲಿ ತೋರಿಸಿಕೊಟ್ಟ ಚರ್ಮದ ಮೇಲಿನ ಪಟ್ಟಿಯ ಪರೀಕ್ಷೆಯೇ ಇಂದಿಗೂ ನೆಚ್ಚುವ ದಾರಿ.

ನಡೆಯುವುದು ಹೀಗೆ. ಅಂಟುಪಟ್ಟಿಯ ಮೇಲೆ 8 ಮಿಲಿಮೀಟರ್ ಅಗಲದ ಪುಟ್ಟ ಅಲ್ಯುಮಿನಿಯಂ ಬಟ್ಟಲುಗಳ ಸಾಲು ಇರುತ್ತದೆ. ಒಂದೊಂದರಲ್ಲೂ ಒಂದೊಂದು ವಸ್ತುವನ್ನು, ಬಿಳಿ ಪೆಟ್ರೋಲಿಯಂ ಜೆಲ್ಲಿಯಲ್ಲಿ ಗೊತ್ತಾದ ಪ್ರಮಾಣದಲ್ಲಿ ಬೆರೆಸಿದ್ದನ್ನು, ಅಕ್ಕಿಕಾಳಿನಷ್ಟು ಇಡುತ್ತಾರೆ. ಬೆಂಜೋಕೇನ್ ಶೇ 5ರಷ್ಟು, ಅದು ಭಾರತೀಯ ಸ್ಟ್ಯಾಂಡರ್ಡ್ ಸರಣಿಯಲ್ಲೇ, ಅಂದರೆ ಈ ಪರೀಕ್ಷೆಗೆ ಸಾಮಾನ್ಯವಾಗಿ ಇಡುವ ವಸ್ತುಗಳ ಪಟ್ಟಿಯಲ್ಲೇ, ಇದೆ. ಬೆಂಜೋಕೇನ್ ಒಂದನ್ನೇ ನೋಡಿದರೆ ಸಿಂಕೋಕೇನ್ ಅಲರ್ಜಿ ತಪ್ಪಿಹೋಗುತ್ತದೆ. ಅದಕ್ಕೆ ಬೆಂಜೋಕೇನ್ ಶೇ 5, ಸಿಂಕೋಕೇನ್ ಶೇ 2.5, ಟೆಟ್ರಾಕೇನ್ ಶೇ 2.5 ಕೂಡಿಸಿದ ಮಿಶ್ರಣ ಬೇರೆ ಸಿಗುತ್ತದೆ. ಲಿಡೋಕೇನನ್ನು ಶೇ 15ರಲ್ಲಿ ಪ್ರತ್ಯೇಕವಾಗಿ ಇಡಬೇಕು. ಈ ಎರಡೂ ಇವೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ವಿಚಾರಿಸಿದರೆ ನಿಮಗೆ ವಿಜಯಪುರವೇ ಹತ್ತಿರ. ನೀವು ಹಚ್ಚುತ್ತಿದ್ದ ಮುಲಾಮನ್ನೂ ಒಯ್ಯಿರಿ, ಚರ್ಮದ ಮೇಲೆ ಹಾಗೇ ಬಿಡುವ ಮುಲಾಮನ್ನು ಇದ್ದಂತೆಯೇ ಒಂದು ಬಟ್ಟಲಿನಲ್ಲಿ ಇಟ್ಟು ನೋಡಬಹುದು.

ಸೋಮವಾರ ಬೆನ್ನಿನ ಮೇಲ್ಭಾಗದಲ್ಲಿ, ನಡುಬೆನ್ನೆಲುಬು ಬಿಟ್ಟು, ಪಟ್ಟಿ ಅಂಟಿಸುತ್ತಾರೆ. ಬುಧವಾರ, ಅಂದರೆ 48 ಗಂಟೆಗೆ, ತೆಗೆಯುತ್ತಾರೆ. ಪಟ್ಟಿ ಒತ್ತಿದ ಕೆಂಪು ಇಳಿಯಲು ಅರ್ಧ ಗಂಟೆಯಾದರೂ ಬಿಟ್ಟು ಮೊದಲ ಸಲ ನೋಡುತ್ತಾರೆ. ಗುರುವಾರ ಅಥವಾ ಶುಕ್ರವಾರ ಎರಡನೇ ಸಲ. ಈ ಎರಡನೇ ನೋಟವನ್ನು ಯಾವ ಕಾರಣಕ್ಕೂ ಬಿಡಬೇಡಿ. ಬರೀ ಕಿರಿಕಿರಿಯಿಂದ ಎದ್ದ ಕೆಂಪು ಆ ಹೊತ್ತಿಗೆ ಇಳಿಯುತ್ತಿರುತ್ತದೆ, ನಿಜವಾದ ಅಲರ್ಜಿ ಏರುತ್ತಿರುತ್ತದೆ. ಬೆರಳಿಟ್ಟರೆ ಅಲರ್ಜಿಯ ಜಾಗ ಚರ್ಮದಿಂದ ಮೇಲೆದ್ದು ಗಟ್ಟಿ ತಟ್ಟುತ್ತದೆ, ಬಟ್ಟಲಿನ ಅಂಚನ್ನು ದಾಟಿರುತ್ತದೆ. ಕೆಂಪು ಮತ್ತು ಉಬ್ಬಿಗೆ ಒಂದು ಪ್ಲಸ್, ಸಣ್ಣ ಗುಳ್ಳೆಗಳಿಗೆ ಎರಡು, ಗುಳ್ಳೆಗಳು ಕೂಡಿ ದೊಡ್ಡದಾದರೆ ಮೂರು. ಕೂಲಿ ಹೋಗುವ ಚಿಂತೆಯಿದ್ದರೆ ಬುಧವಾರ ಪಟ್ಟಿ ತೆಗೆಯುವುದನ್ನು ಊರಿನಲ್ಲೇ ಮಾಡಬಹುದೇ ಎಂದು ಕೇಳಿ. ಬಟ್ಟಲುಗಳ ಜಾಗವನ್ನು ಸ್ಕೆಚ್ ಪೆನ್ನಿನಿಂದ ಗುರುತು ಮಾಡಿಕೊಟ್ಟರೆ, ಪಟ್ಟಿ ತೆಗೆದ ಗಂಟೆ ಬರೆದಿಟ್ಟುಕೊಂಡರೆ, ಕೆಲವು ವೈದ್ಯರು ಒಪ್ಪುತ್ತಾರೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಬೆವರಿನಿಂದ. ಏಪ್ರಿಲ್, ಮೇ ಬಿಸಿಲಲ್ಲಿ ಪಟ್ಟಿ ಮೊದಲ ಸಂಜೆಗೇ ಬಿಚ್ಚಿಕೊಳ್ಳುತ್ತದೆ. ಅವಸರವಿಲ್ಲದಿದ್ದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಮಾಡಿಸಿ. ಆ ನಾಲ್ಕೈದು ದಿನ ಬೆನ್ನಿಗೆ ನೀರು ಬೇಡ, ಚೀಲ ಹೊರುವುದು ಬೇಡ, ಸಡಿಲ ಹತ್ತಿ ಅಂಗಿ ಹಾಕಿ. ಮೊದಲಿನ ಒಂದೆರಡು ವಾರ ಬೆನ್ನಿಗೆ ಸ್ಟಿರಾಯ್ಡ್ ಮುಲಾಮು ಹಚ್ಚಿರಬಾರದು. ಸ್ಟಿರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ತಿಂಗಳೊಳಗೆ ಇಂಜೆಕ್ಷನ್ ಆಗಿದ್ದರೆ ಹೇಳಿ. ಇಲ್ಲದಿದ್ದರೆ ಅಲರ್ಜಿ ಇದ್ದೂ ಇಲ್ಲ ಎಂದು ಬರುತ್ತದೆ. ಮಾಮೂಲಿ ಅಲರ್ಜಿ ಗುಳಿಗೆ, ರಕ್ತದೊತ್ತಡದ ಗುಳಿಗೆ ನಿಲ್ಲಿಸಬೇಕಾಗಿಲ್ಲ. ಮೈತುಂಬ ಇಸಬು ಎದ್ದಿರುವಾಗಲೂ ಪರೀಕ್ಷೆ ಬೇಡ, ಆಗ ಬೆನ್ನು ಎಲ್ಲಕ್ಕೂ ಕೆಂಪಾಗುತ್ತದೆ.

ಫಲಿತಾಂಶ ಬಂದ ಮೇಲೆ ‘ಅನಸ್ತೇಶಿಯಾ ಅಲರ್ಜಿ’ ಎಂದಷ್ಟೇ ಬರೆಸಿಕೊಂಡು ಬರಬೇಡಿ. ಯಾವ ಔಷಧ, ಎಷ್ಟು ಪ್ಲಸ್, ಯಾವುದಕ್ಕೆ ಇಲ್ಲ, ಎಲ್ಲ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ನಾಳೆ ಅಪಘಾತವಾಗಿ ಹೊಲಿಗೆ ಹಾಕುವಾಗ ಆ ಚೀಟಿಯಿಂದ ಬಹಳ ಉಪಯೋಗವಾಗುತ್ತದೆ.

ಪ್ರಶ್ನೆ: ಪ್ಯಾಚ್ ಟೆಸ್ಟ್‌ನಲ್ಲಿ ನನಗೆ ಬೆಂಜೋಕೇನ್ ಎರಡು ಪ್ಲಸ್ ಬಂದಿದೆ. ಹತ್ತು ವರ್ಷದ ಹಿಂದೆ ಹಲ್ಲಿನ ಇಂಜೆಕ್ಷನ್ ಕೊಟ್ಟಾಗ ಎದೆ ಡವಡವ ಎಂದು, ಕಣ್ಣು ಕತ್ತಲೆ ಬಂದು ಬಿದ್ದಿದ್ದೆ. ಈಗ ದವಡೆ ಹಲ್ಲು ಕೀಳಿಸಬೇಕು. ಧೈರ್ಯ ಸಾಲುತ್ತಿಲ್ಲ.
– ಓದುಗರು, ಬೆಳಗಾವಿ

ಉತ್ತರ: ಧೈರ್ಯವಾಗಿ ಹೋಗಿ, ಎರಡು ಮಾತು ವೈದ್ಯರಿಗೆ ಹೇಳಿ. ಹತ್ತು ವರ್ಷದ ಹಿಂದಿನದು ಅಲರ್ಜಿಯಂತೆ ಕಾಣುವುದಿಲ್ಲ. ಎದೆ ಡವಡವ ಎನ್ನಿಸುವುದು ಔಷಧದ ಜೊತೆಗಿರುವ ಅಡ್ರಿನಲಿನ್. ಕಣ್ಣು ಕತ್ತಲೆ ಬಂದು ಬೀಳುವುದು ಭಯಕ್ಕೆ ನಾಡಿ, ರಕ್ತದೊತ್ತಡ ಕುಸಿದಾಗ. ಮಲಗಿಸಿ ಕಾಲೆತ್ತಿದರೆ ಎಚ್ಚರ ಬರುತ್ತದೆ. ತಕ್ಷಣದ ನಿಜವಾದ ಅಲರ್ಜಿಯಾಗಿದ್ದರೆ ಮೈಮೇಲೆ ದದ್ದು, ತುಟಿ ಊತ, ಉಸಿರಿಗೆ ಕಷ್ಟ ಇರುತ್ತಿತ್ತು.

ಬೆಂಜೋಕೇನ್ ಎಸ್ಟರ್, ಹಲ್ಲಿಗೆ ಕೊಡುವ ಲಿಗ್ನೋಕೇನ್ ಅಮೈಡ್. ಪ್ರೊಕೇನ್ ಬಳಕೆಯಲ್ಲಿದ್ದ ಕಾಲದಲ್ಲಿ ಅದನ್ನು ದಿನವೂ ಮುಟ್ಟುತ್ತಿದ್ದ ದಂತವೈದ್ಯರ ಕೈಗೇ ಇಸಬು ಏಳುತ್ತಿತ್ತು. ಸ್ವೀಡನ್ನಿನ ನಿಲ್ಸ್ ಲೋಫ್ಗ್ರೆನ್ 1943ರಲ್ಲಿ ತಯಾರಿಸಿದ ಲಿಗ್ನೋಕೇನ್ 1948ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಆ ತೊಂದರೆ ಬಹುಪಾಲು ಇಳಿಯಿತು. ಬೆಂಜೋಕೇನ್ ಅಲರ್ಜಿ ಇದ್ದವರಿಗೆ ಲಿಗ್ನೋಕೇನ್ ಸಾಮಾನ್ಯವಾಗಿ ಒಗ್ಗುತ್ತದೆ. ಆದ್ದರಿಂದ ಮೊದಲ ಮಾತು: ಸೂಜಿ ಚುಚ್ಚುವ ಮೊದಲು ಒಸಡಿಗೆ ಹಚ್ಚುವ ಜೆಲ್, ಸ್ಪ್ರೇ ಬೆಂಜೋಕೇನ್ ಆಗಿರಬಾರದು. ಇಂಜೆಕ್ಷನ್ ಸುರಕ್ಷಿತವಾಗಿದ್ದು ಜೆಲ್ಲಿನಿಂದ ತುಟಿ ಊದಿದರೆ ತಪ್ಪು ಇಂಜೆಕ್ಷನ್ನಿನ ಮೇಲೆ ಬೀಳುತ್ತದೆ. ಎರಡನೆಯದು: ಹಲವರಿಗೆ ಬಳಸುವ ದೊಡ್ಡ ಬಾಟಲಿಯ ಔಷಧದಲ್ಲಿ ಕೆಡದಂತೆ ಮೀಥೈಲ್ ಪ್ಯಾರಾಬೆನ್ ಇರುತ್ತದೆ, ಒಬ್ಬರಿಗೆ ಒಮ್ಮೆ ಬಳಸುವ ಕಾರ್ಟ್ರಿಡ್ಜಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನೇ ಕೇಳಿ.

ಲಿಡೋಕೇನಿಗೇ ಪ್ಲಸ್ ಬಂದವರ ಮಾತು ಬೇರೆ. ಕೈಗೆ ಸ್ವಲ್ಪ ಚುಚ್ಚಿ 15–20 ನಿಮಿಷ ನೋಡಿ ‘ಟೆಸ್ಟ್ ಡೋಸ್ ಸರಿ ಇದೆ’ ಎನ್ನುವುದು ಅವರಿಗೆ ಸಾಲದು. ನಿಧಾನದ ಅಲರ್ಜಿ ಇಪ್ಪತ್ತು ನಿಮಿಷಕ್ಕೆ ಕಾಣಿಸುವುದಿಲ್ಲ, ಚುಚ್ಚಿದ ಜಾಗವನ್ನು 48 ಗಂಟೆಗೆ ಮತ್ತೆ ನೋಡಲೇಬೇಕು. ಬುಪಿವಕೇನ್, ಆರ್ಟಿಕೇನ್‌ಗಳಲ್ಲಿ ಒಗ್ಗುವುದನ್ನು ಇದೇ ರೀತಿ ಪರೀಕ್ಷಿಸಿ ಆರಿಸಬಹುದು. ಇದು ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲೇ ಆಗಬೇಕು.

ಪ್ರಶ್ನೆ: ಲೇಸರ್‌ಗೆ ಮೊದಲು ಮರಗಟ್ಟುವ ಕ್ರೀಮು ಹಚ್ಚಿ ಪ್ಲಾಸ್ಟಿಕ್ ಸುತ್ತಿದ್ದರು. ತೆಗೆದಾಗ ಚರ್ಮ ಬೆಳ್ಳಗಾಗಿತ್ತು, ಆಮೇಲೆ ಕೆಂಪಾಯಿತು. ಅಲರ್ಜಿಯೇ?
– ಓದುಗರು, ಬೆಳಗಾವಿ

ಉತ್ತರ: ಒಂದೆರಡು ಗಂಟೆಯಲ್ಲಿ ಇಳಿದಿದ್ದರೆ ಅಲ್ಲ. ಲಿಡೋಕೇನ್ ಶೇ 2.5, ಪ್ರಿಲೋಕೇನ್ ಶೇ 2.5 ಇರುವ ಕ್ರೀಮು ಮೊದಲು ರಕ್ತನಾಳ ಕುಗ್ಗಿಸಿ ಬಿಳುಪು ತರುತ್ತದೆ, ಆಮೇಲೆ ಅಗಲಿಸಿ ಕೆಂಪು ತರುತ್ತದೆ. ಮರುದಿನವೋ ಮೂರನೇ ದಿನವೋ ತುರಿಕೆಯ ಗುಳ್ಳೆ ಎದ್ದರೆ ಅದು ಅಲರ್ಜಿಯ ಲಕ್ಷಣ. ಅಲರ್ಜಿಗಿಂತ ದೊಡ್ಡ ಅಪಾಯ ಅಗಲ ಜಾಗಕ್ಕೆ ಹಚ್ಚಿ ಪ್ಲಾಸ್ಟಿಕ್ ಸುತ್ತುವುದರಲ್ಲಿದೆ. ಚರ್ಮದ ಮೂಲಕ ಔಷಧ ರಕ್ತಕ್ಕೆ ಸೇರಿ ನಾಲಿಗೆ ಜೋಮು, ಕಿವಿಯಲ್ಲಿ ಗುಂಯ್, ಬಾಯಲ್ಲಿ ಲೋಹದ ರುಚಿ, ಮುಂದೆ ಫಿಟ್ಸ್ ಬರಬಹುದು. ಎರಡೂ ಕಾಲಿಗೆ ಒಂದೇ ಸಲ ಹಚ್ಚಿಸಿಕೊಳ್ಳಬೇಡಿ, ಎಷ್ಟು ಗ್ರಾಂ, ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು. ಕಂಪನಿಯ ಹೆಸರಿಲ್ಲದ ಡಬ್ಬಿಯ ಕ್ರೀಮನ್ನು ಪಾರ್ಲರಿನಲ್ಲಿ ಬೇಡವೆಂದು ಹೇಳಿ.

ಪ್ರಶ್ನೆ: ಎಂಟು ತಿಂಗಳ ಕೂಸಿಗೆ ಹಲ್ಲು ಬರುತ್ತಿವೆ, ಅಳು ನಿಲ್ಲುವುದಿಲ್ಲ. ಒಸಡಿಗೆ ಮರಗಟ್ಟುವ ಜೆಲ್ ಹಚ್ಚಬಹುದೇ?
– ಓದುಗರು, ಇಂಡಿ

ಉತ್ತರ: ಬೇಡವೇ ಬೇಡ. ಬೆಂಜೋಕೇನ್ ಕೂಸಿನ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬಾಯಿಗೆ ಇದನ್ನು ಹಚ್ಚಬಾರದೆಂದು ಎಚ್ಚರಿಸಿದೆ. ತೊಳೆದ ಬೆರಳಿನಿಂದ ಒಸಡು ಮೆಲ್ಲಗೆ ತಿಕ್ಕಿ, ತಣ್ಣೀರಲ್ಲಿ ಅದ್ದಿದ ಸ್ವಚ್ಛ ಬಟ್ಟೆ ಕಚ್ಚಲು ಕೊಡಿ. ಈಗಾಗಲೇ ಹಚ್ಚಿದ್ದು ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಕೂಸು ಮಂಕಾದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಜೆಲ್ಲಿನ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಯಾವುದೇ ಔಷಧದಿಂದ ಹೀಗೆ ತೊಂದರೆಯಾದರೆ ದೇಶದ ಔಷಧ ಅಡ್ಡಪರಿಣಾಮ ದಾಖಲೆಯ ಉಚಿತ ಸಹಾಯವಾಣಿ 1800-180-3024ಕ್ಕೆ ಓದುಗರೇ ನೇರವಾಗಿ ತಿಳಿಸಬಹುದು.